ಕಪ್ಪು ನೀರಿನ ನೊರೆ

ಈ ಪುಟವನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿರಿ. ನಯವಾದ ಈ ಹಾಳೆ ಒಂದು ಕಾಲದಲ್ಲಿ ಮರವಾಗಿ ಕಾಡಿನಲ್ಲಿ ನಿಂತಿದ್ದಿರಬೇಕು. ಇಲ್ಲವೆ ಬಿದಿರಿನ ಮೆಳೆಯಾಗಿ ಗಾಳಿಗೆ ಬಾಗುತ್ತಿದ್ದಿರಬೇಕು. ಇಲ್ಲವೆ ಕಬ್ಬಿನ ಸಿಪ್ಪೆಯಾಗಿ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಬಿದ್ದಿದ್ದಿರಬೇಕು. ಇಂದು ಅದು ಹಾಳೆಯಾಗಿ ನಿಮ್ಮ ಕೈಸೇರಿದೆ. ಆದರೆ ಕಾರ್ಖಾನೆಯನ್ನು ಹೊಕ್ಕ ಮರವೆಲ್ಲವೂ ಹಾಳೆಯಾಗಿ ಹೊರಬರುವುದಿಲ್ಲ. ರಾಸಾಯನಿಕ ವಿಧಾನದಿಂದ ಕಾಗದದ ತಿರುಳನ್ನು ತಯಾರಿಸುವಾಗ ಒಣ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಮಾತ್ರ ತಿರುಳಾಗುತ್ತದೆ. ಉಳಿದ ಅರ್ಧ ಏನಾಗುತ್ತದೆ? ಈ ಸರಳವಾದ ಪ್ರಶ್ನೆಯ ಹಿಂದೆ ಸುಮಾರು ನೂರೈವತ್ತು ವರ್ಷಗಳ ಕಥೆಯಿದೆ. ಅದು ನದಿಗಳು ನರಳಿದ ಕಥೆ. ಮನುಷ್ಯನು ತನ್ನ ತಪ್ಪಿನಿಂದಲೇ ಪಾಠ ಕಲಿತ ಕಥೆ.

ಮರದ ರಚನೆಯನ್ನು ಒಂದು ಕಾಂಕ್ರೀಟು ಗೋಡೆಗೆ ಹೋಲಿಸಬಹುದು. ಗೋಡೆಯೊಳಗಿನ ಕಬ್ಬಿಣದ ಸರಳುಗಳಂತೆ ಮರದಲ್ಲಿ ಸೆಲ್ಯುಲೋಸ್ ಎಂಬ ಎಳೆಗಳಿವೆ. ಮರದ ತೂಕದಲ್ಲಿ ಇವು ಶೇಕಡ 40ರಿಂದ 45ರಷ್ಟು. ಕಾಗದಕ್ಕೆ ಬೇಕಾದುದು ಈ ಎಳೆಗಳೇ. ಅವುಗಳ ಸುತ್ತ ಹೆಮಿಸೆಲ್ಯುಲೋಸ್ ಎಂಬ, ಸಕ್ಕರೆಯ ಅಣುಗಳಿಂದಲೇ ಕೂಡಿದ ಇನ್ನೊಂದು ವಸ್ತುವಿದೆ. ಇವೆಲ್ಲವನ್ನೂ ಗಾರೆಯಂತೆ ಒಟ್ಟಿಗೆ ಹಿಡಿದು, ಮರಕ್ಕೆ ನೆಟ್ಟಗೆ ನಿಲ್ಲುವ ಬಲವನ್ನು ಕೊಡುವ ಅಂಟು ವಸ್ತುವೇ ಲಿಗ್ನಿನ್. ಮರದ ಶೇಕಡ 20ರಿಂದ 30ರಷ್ಟು ಭಾಗ ಲಿಗ್ನಿನ್ನೇ ಆಗಿದೆ. ಪೈನ್ ಜಾತಿಯ ಮರಗಳಲ್ಲಿ ಇವುಗಳ ಜೊತೆಗೆ ಸ್ವಲ್ಪ ಪ್ರಮಾಣದಲ್ಲಿ ರಾಳವೂ ಕೊಬ್ಬೂ ಇರುತ್ತವೆ. ಕಾಗದ ತಯಾರಿಸುವವನ ಮುಖ್ಯ ಕೆಲಸವೆಂದರೆ ಎಳೆಗಳಿಗೆ ಹಾನಿಯಾಗದಂತೆ ಈ ಗಾರೆಯನ್ನು ಕರಗಿಸಿ ತೆಗೆಯುವುದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದಕ್ಕೆ ಎರಡು ಮಾರ್ಗಗಳು ದೊರೆತವು. ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ಎಂಬಾತನು 1867ರಲ್ಲಿ ಗಂಧಕದ ಡೈಆಕ್ಸೈಡನ್ನು ಸುಣ್ಣದೊಡನೆ ಸೇರಿಸಿ ಪಡೆದ ದ್ರಾವಣದಲ್ಲಿ ಮರವನ್ನು ಬೇಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಇದಕ್ಕೆ ಸಲ್ಫೈಟ್ ವಿಧಾನವೆಂದು ಹೆಸರು. ಸ್ವೀಡನ್ನಿನ ಕಾರ್ಲ್ ಡೇನಿಯಲ್ ಎಕ್‌ಮನ್ 1874ರಲ್ಲಿ ಬರ್ಗ್‌ವಿಕ್ ಎಂಬಲ್ಲಿ ಇದೇ ಬಗೆಯ ವಿಧಾನವನ್ನು ಕಾರ್ಖಾನೆಯಲ್ಲಿ ಬಳಕೆಗೆ ತಂದನು. ಮುಂದೆ 1879ರಲ್ಲಿ ಡಾನ್‌ಜಿಗ್ ನಗರದ ಕಾರ್ಲ್ ಡಾಲ್ ಎಂಬ ರಸಾಯನಶಾಸ್ತ್ರಜ್ಞನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್‌ಗಳ ದ್ರಾವಣದಲ್ಲಿ ಮರದ ಚೂರುಗಳನ್ನು ಬೇಯಿಸುವ ಮಾರ್ಗವನ್ನು ಕಂಡುಹಿಡಿದನು. ಈ ವಿಧಾನದಿಂದ ದೊರೆತ ಕಾಗದವು ಬಹಳ ಗಟ್ಟಿಯಾಗಿದ್ದುದರಿಂದ ಅದಕ್ಕೆ ಕ್ರಾಫ್ಟ್ ಎಂಬ ಹೆಸರು ಬಂದಿತು. ಜರ್ಮನ್ ಭಾಷೆಯಲ್ಲಿ ಕ್ರಾಫ್ಟ್ ಎಂದರೆ ಬಲ. ಇಂದು ಜಗತ್ತಿನಲ್ಲಿ ತಯಾರಾಗುವ ರಾಸಾಯನಿಕ ತಿರುಳಿನ ಬಹುಪಾಲು ಕ್ರಾಫ್ಟ್ ವಿಧಾನದಿಂದಲೇ ಬರುತ್ತದೆ.

ಬೇಯಿಸಿದ ಮೇಲೆ ಎಳೆಗಳನ್ನು ತೊಳೆದು ಬೇರ್ಪಡಿಸಿದರೆ ಉಳಿಯುವುದು ಕಡುಗಂದು ಬಣ್ಣದ, ತೀಕ್ಷ್ಣವಾಸನೆಯ ದ್ರಾವಣ. ಕ್ರಾಫ್ಟ್ ಕಾರ್ಖಾನೆಗಳಲ್ಲಿ ಇದಕ್ಕೆ ಕಪ್ಪು ದ್ರಾವಣವೆಂದೇ ಹೆಸರು. ಒಂದು ಟನ್ ತಿರುಳನ್ನು ಪಡೆಯುವಾಗ ಸುಮಾರು ಒಂದೂವರೆ ಟನ್ ಘನಪದಾರ್ಥ ಈ ದ್ರಾವಣದಲ್ಲಿ ಕರಗಿರುತ್ತದೆ. ಅದರಲ್ಲಿ ಬೇಯಿಸಲು ಬಳಸಿದ ಸೋಡಾ ಇದೆ, ಮರದಿಂದ ಬಿಡಿಸಿಕೊಂಡ ಲಿಗ್ನಿನ್ ಇದೆ, ಒಡೆದ ಸಕ್ಕರೆಗಳಿವೆ, ರಾಳವೂ ಇದೆ. ಸೋಡಾ ಬೆಲೆಬಾಳುವ ವಸ್ತು. ಅದನ್ನು ಮರಳಿ ಪಡೆಯದಿದ್ದರೆ ಕಾರ್ಖಾನೆಗೆ ನಷ್ಟ. ಆದುದರಿಂದ ಡಾಲನ ವಿಧಾನದಲ್ಲಿ ದ್ರಾವಣವನ್ನು ಗಟ್ಟಿಗೊಳಿಸಿ ಸುಟ್ಟು, ಬೂದಿಯಿಂದ ಸೋಡಾವನ್ನು ಹಿಂದಕ್ಕೆ ಪಡೆಯುತ್ತಿದ್ದರು. ಆದರೆ ಸಲ್ಫೈಟ್ ವಿಧಾನದಲ್ಲಿ ಬಳಸುತ್ತಿದ್ದುದು ಅಗ್ಗದ ಸುಣ್ಣ ಮತ್ತು ಗಂಧಕ. ಅವುಗಳನ್ನು ಮರಳಿ ಪಡೆಯುವ ಖರ್ಚಿಗಿಂತ ಹೊಸದಾಗಿ ಕೊಳ್ಳುವುದೇ ಲಾಭಕರವಾಗಿತ್ತು. ಆ ಕಾರಣದಿಂದ ಉಳಿದ ದ್ರಾವಣವನ್ನು ದಶಕಗಳ ಕಾಲ ಪಕ್ಕದ ಹೊಳೆಗೆ ಹರಿಯಬಿಟ್ಟರು.

ಹೊಳೆ ಅದನ್ನು ಹೇಗೆ ತಾನೆ ತಾಳೀತು? ದ್ರಾವಣದಲ್ಲಿದ್ದ ಸಕ್ಕರೆಯನ್ನು ತಿಂದು ಸೂಕ್ಷ್ಮಜೀವಿಗಳು ಬೆಳೆದವು. ಅವು ನೀರಿನಲ್ಲಿ ಕರಗಿದ್ದ ಆಮ್ಲಜನಕವನ್ನೆಲ್ಲ ಬಳಸಿಕೊಂಡವು. ಉಸಿರಾಡಲು ಆಮ್ಲಜನಕವಿಲ್ಲದೆ ಮೀನುಗಳು ಸತ್ತು ತೇಲಿದವು. ಪೈನ್ ಮರದ ರಾಳದಲ್ಲಿರುವ ಆಮ್ಲಗಳು ಮೀನುಗಳಿಗೆ ನೇರವಾಗಿಯೇ ವಿಷಕರವಾದವು. ಯೂರೋಪು ಮತ್ತು ಉತ್ತರ ಅಮೆರಿಕದ ಅನೇಕ ಹೊಳೆಗಳಲ್ಲಿ ಕಾಗದದ ಕಾರ್ಖಾನೆಯ ಕೆಳಗಿನ ನೀರು ಕಂದುಬಣ್ಣ ತಾಳಿತು. ಅದರ ಮೇಲೆ ಹಳದಿ ಮಿಶ್ರಿತ ನೊರೆ ರಾಶಿರಾಶಿಯಾಗಿ ತೇಲುತ್ತಿತ್ತು. ಹೊಳೆಯ ದಡದ ಜನರಿಗೆ ಆ ನೊರೆ ಅನಿಷ್ಟದ ಗುರುತು. ಆದರೆ ರಸಾಯನಶಾಸ್ತ್ರವನ್ನು ಬಲ್ಲವನಿಗೆ ಅದೇ ನೊರೆ ಇನ್ನೊಂದು ಸುದ್ದಿಯನ್ನೂ ಹೇಳುತ್ತಿತ್ತು.

ನೊರೆಯ ಭಾಷೆ ನಮಗೆ ಅಪರಿಚಿತವೇನಲ್ಲ. ನಮ್ಮ ಮನೆಗಳಲ್ಲಿ ಸೀಗೆಕಾಯಿಯಿಂದ ತಲೆ ತೊಳೆಯುವುದನ್ನೂ ಅಂಟುವಾಳದ ಕಾಯಿಯಿಂದ ರೇಷ್ಮೆಯ ಬಟ್ಟೆಯನ್ನೂ ಚಿನ್ನದ ಒಡವೆಯನ್ನೂ ತೊಳೆಯುವುದನ್ನೂ ನೀವು ನೋಡಿದ್ದೀರಿ. ಈ ಕಾಯಿಗಳಲ್ಲಿ ಸ್ಯಾಪೊನಿನ್ ಎಂಬ ವಸ್ತುವಿದೆ. ಅದರ ಅಣುವಿನ ಒಂದು ತುದಿಗೆ ನೀರಿನೊಡನೆ ಸ್ನೇಹ. ಇನ್ನೊಂದು ತುದಿಗೆ ಎಣ್ಣೆಯೊಡನೆ ಸ್ನೇಹ. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಇಬ್ಬರ ನಡುವೆ ನಿಂತು ಸಂಧಾನ ಮಾಡಿಸುವ ದುಭಾಷಿಯಂತೆ ಈ ಅಣು ನೀರು ಮತ್ತು ಎಣ್ಣೆಗಳ ನಡುವಣ ಮೇಲ್ಮೈಯಲ್ಲಿ ಸಾಲಾಗಿ ನಿಲ್ಲುತ್ತದೆ. ಆಗ ನೀರಿನ ಮೇಲ್ಮೈ ಎಳೆತ ಕಡಿಮೆಯಾಗುತ್ತದೆ. ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಹೊರಟುಹೋಗುತ್ತದೆ. ಗಾಳಿ ಸೇರಿದರೆ ನೊರೆ ನಿಲ್ಲುತ್ತದೆ. ಇಂಥ ವಸ್ತುಗಳಿಗೆ ಮೇಲ್ಮೈ ಸಕ್ರಿಯ ವಸ್ತುಗಳು ಅಥವಾ ಸರ್ಫ್ಯಾಕ್ಟಂಟ್‌ಗಳು ಎಂದು ಹೆಸರು. ಸಾಬೂನು ಇವುಗಳಲ್ಲಿ ಅತ್ಯಂತ ಪರಿಚಿತವಾದುದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮಲೆನಾಡಿನಲ್ಲಿ ಕಾರೆಕಾಯಿಯನ್ನು ಜಜ್ಜಿ ಹಳ್ಳದ ಮಡುವಿಗೆ ಹಾಕಿ, ಮತ್ತೇರಿ ತೇಲಿದ ಮೀನನ್ನು ಹಿಡಿಯುವ ರೂಢಿಯಿತ್ತು. ಆ ಕಾಯಿಯಲ್ಲಿರುವುದೂ ಸ್ಯಾಪೊನಿನ್ನೇ. ರೇಷ್ಮೆಯ ಕೊಳೆಯನ್ನು ಕಳೆಯುವ ಗುಣವೇ ಮೀನಿನ ಕಿವಿರಿಗೆ ಕಂಟಕವಾಗುತ್ತದೆ. ವಸ್ತುವಿನ ಗುಣ ಒಂದೇ. ಅದು ಎಲ್ಲಿದೆ ಎಂಬುದರಿಂದ ಉಪಕಾರವೋ ಅಪಕಾರವೋ ನಿರ್ಧಾರವಾಗುತ್ತದೆ. ಕಪ್ಪು ದ್ರಾವಣದ ಕಥೆಯ ತಿರುಳೂ ಇದೇ ಆಗಿದೆ.

ಕ್ರಾಫ್ಟ್ ವಿಧಾನದಲ್ಲಿ ಪೈನ್ ಮರವನ್ನು ಸುಮಾರು 170 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸುವಾಗ ಮರದಲ್ಲಿರುವ ಕೊಬ್ಬು ಮತ್ತು ರಾಳದ ಆಮ್ಲಗಳು ಸೋಡಾದೊಡನೆ ಸೇರಿ ಸಾಬೂನಾಗುತ್ತವೆ. ಎಂದರೆ ಕಾಗದವನ್ನು ಬೇಯಿಸುವ ಕೊಪ್ಪರಿಗೆಯೊಳಗೆ ಯಾರೂ ಬಯಸದೆಯೇ ಸಾಬೂನೂ ತಯಾರಾಗುತ್ತದೆ! ಮೊದಮೊದಲು ಇದು ಕಾರ್ಖಾನೆಯವರಿಗೆ ದೊಡ್ಡ ಪೀಡೆಯಾಗಿತ್ತು. ದ್ರಾವಣವನ್ನು ಗಟ್ಟಿಗೊಳಿಸುವ ಯಂತ್ರಗಳಲ್ಲಿ ಅದು ನೊರೆಯೆಬ್ಬಿಸಿ ಕೆಲಸ ಕೆಡಿಸುತ್ತಿತ್ತು. ಕೊಳವೆಗಳ ಒಳಮೈಗೆ ಅಂಟಿಕೊಳ್ಳುತ್ತಿತ್ತು. ಆದರೆ ಅದನ್ನು ತೊಲಗಿಸುವ ದಾರಿಯನ್ನು ದ್ರಾವಣವೇ ತೋರಿಸಿಕೊಟ್ಟಿತು. ನೀರು ಆವಿಯಾಗಿ ಘನಪದಾರ್ಥದ ಪ್ರಮಾಣ ಶೇಕಡ 25ರಿಂದ 30ರಷ್ಟಾದಾಗ ಲವಣಗಳು ಸಾಂದ್ರವಾಗಿ, ಸಾಬೂನು ಕರಗಿ ನಿಲ್ಲಲಾರದೆ ಹಾಲಿನ ಕೆನೆಯಂತೆ ಮೇಲಕ್ಕೆ ಬಂದು ತೇಲುತ್ತದೆ. ಸಾಬೂನಿನ ಕಾರ್ಖಾನೆಗಳಲ್ಲಿ ಉಪ್ಪನ್ನು ಹಾಕಿ ಸಾಬೂನನ್ನು ಬೇರ್ಪಡಿಸುವುದೂ ಇದೇ ತತ್ತ್ವದಿಂದ. ಮೇಲೆ ತೇಲಿದ ಆ ಕಂದುಬಣ್ಣದ ಕೆನೆಯನ್ನು ತೆಗೆದು ಗಂಧಕಾಮ್ಲದೊಡನೆ ಕಾಯಿಸಿದರೆ ಅದು ಮೂರು ಪದರಗಳಾಗಿ ಒಡೆಯುತ್ತದೆ. ಕೆಳಗೆ ಲವಣದ ನೀರು, ನಡುವೆ ಲಿಗ್ನಿನ್, ಮೇಲೆ ಕಪ್ಪಾದ ಎಣ್ಣೆ. ಈ ಎಣ್ಣೆಗೆ ಟಾಲ್ ಎಣ್ಣೆಯೆಂದು ಹೆಸರು. ಸ್ವೀಡಿಷ್ ಭಾಷೆಯಲ್ಲಿ ‘ಟಾಲ್’ ಎಂದರೆ ಪೈನ್ ಮರ. ಪೈನ್ ಮರದಿಂದ ಪಡೆದ ಒಂದು ಟನ್ ತಿರುಳಿಗೆ ಸಾಮಾನ್ಯವಾಗಿ 30ರಿಂದ 50 ಕಿಲೋಗ್ರಾಂಗಳಷ್ಟು ಕಚ್ಚಾ ಟಾಲ್ ಎಣ್ಣೆ ದೊರೆಯುತ್ತದೆ.

ಪ್ರಾರಂಭದಲ್ಲಿ ದೊರೆತ ಟಾಲ್ ಎಣ್ಣೆ ಕಪ್ಪಾಗಿತ್ತು; ಗಂಧಕದ ಸಂಯುಕ್ತಗಳಿಂದ ಕೂಡಿ ದುರ್ವಾಸನೆ ಬೀರುತ್ತಿತ್ತು. ಆದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶಗಳ ಎಣ್ಣೆಯ ಸರಬರಾಜು ಕಡಿದುಹೋದಾಗ ಸ್ವೀಡನ್ನಿನ ಜನರು ಸಾಬೂನಿಗೆ ಈ ಎಣ್ಣೆಯನ್ನೇ ಆಶ್ರಯಿಸಿದರು. 1940ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಅದನ್ನು ನಿರ್ವಾತದಲ್ಲಿ ಬಟ್ಟಿಯಿಳಿಸಿ ಅಂಶ ಅಂಶವಾಗಿ ಬೇರ್ಪಡಿಸುವ ಕ್ರಮ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತು. ನಿರ್ವಾತವೇಕೆಂದರೆ, ತೆರೆದ ಗಾಳಿಯ ಒತ್ತಡದಲ್ಲಿ ಕುದಿಯುವಷ್ಟು ಕಾಯಿಸಿದರೆ ಎಣ್ಣೆಯ ಅಣುಗಳು ಒಡೆದು ಹಾಳಾಗುತ್ತವೆ. ಒತ್ತಡವನ್ನು ತಗ್ಗಿಸಿದಾಗ ಕಡಿಮೆ ಉಷ್ಣತೆಯಲ್ಲಿಯೇ ಅವು ಆವಿಯಾಗುತ್ತವೆ. ಹೀಗೆ ಕಪ್ಪು ಎಣ್ಣೆಯಿಂದ ತಿಳಿಯಾದ ಕೊಬ್ಬಿನ ಆಮ್ಲಗಳು, ಹೊಂಬಣ್ಣದ ರಾಳ ಮತ್ತು ತಳದಲ್ಲಿ ಉಳಿಯುವ ಪಿಚ್ ಎಂಬ ಮೂರು ಮುಖ್ಯ ಪದಾರ್ಥಗಳು ದೊರೆಯತೊಡಗಿದವು.

ಈ ಕೊಬ್ಬಿನ ಆಮ್ಲಗಳಲ್ಲಿ ಮುಖ್ಯವಾದವು ಓಲಿಯಿಕ್ ಮತ್ತು ಲಿನೋಲಿಯಿಕ್ ಆಮ್ಲಗಳು. ನಮ್ಮ ಕಡಲೆಕಾಯಿ ಎಣ್ಣೆಯಲ್ಲಿರುವವೂ ಮುಖ್ಯವಾಗಿ ಇವೇ. ಅಂದಮೇಲೆ ಉಣ್ಣುವ ಎಣ್ಣೆಯನ್ನು ಮುಟ್ಟದೆಯೇ ಕೈಗಾರಿಕೆಗೆ ಬೇಕಾದ ಮೇಲ್ಮೈ ಸಕ್ರಿಯ ವಸ್ತುಗಳನ್ನು ಕಾಗದದ ಉಪೋತ್ಪನ್ನದಿಂದ ಪಡೆಯಬಹುದೆಂದಾಯಿತು. ಫ್ಲಾರಿಡಾದ ಫಾಸ್ಫೇಟ್ ಗಣಿಗಳಲ್ಲಿ ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಈ ಆಮ್ಲಗಳನ್ನು ಸೇರಿಸುತ್ತಾರೆ. ಅವು ಫಾಸ್ಫೇಟಿನ ಕಣಗಳನ್ನು ಮಾತ್ರ ಆರಿಸಿ ಅಂಟಿಕೊಳ್ಳುತ್ತವೆ. ಗಾಳಿಯನ್ನು ಊದಿದಾಗ ಆ ಕಣಗಳು ಗುಳ್ಳೆಗಳನ್ನು ಹಿಡಿದು ಮೇಲೆ ಬರುತ್ತವೆ. ಮರಳು ಕೆಳಗೆ ಉಳಿಯುತ್ತದೆ. ರಸ್ತೆ ಮಾಡುವವರಿಗೂ ಇವುಗಳಿಂದ ಉಪಕಾರವಾಗಿದೆ. ಕೊಬ್ಬಿನ ಆಮ್ಲವನ್ನು ಅಮೈನ್ ಎಂಬ ಸಾರಜನಕದ ಸಂಯುಕ್ತಗಳೊಡನೆ ಸೇರಿಸಿದರೆ ಧನ ವಿದ್ಯುದಂಶವುಳ್ಳ ಮೇಲ್ಮೈ ಸಕ್ರಿಯ ವಸ್ತು ಉಂಟಾಗುತ್ತದೆ. ಅದರ ಸಹಾಯದಿಂದ ಡಾಮರನ್ನು ನೀರಿನಲ್ಲಿ ಸಣ್ಣ ಹನಿಗಳಾಗಿ ಹರಡಬಹುದು. ಜಲ್ಲಿಯ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶವಿರುವುದರಿಂದ ಹನಿಗಳು ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಹೀಗಾಗಿ ಡಾಮರನ್ನು ಕುದಿಯುವಂತೆ ಕಾಯಿಸದೆಯೇ, ಹೊಗೆಯೆಬ್ಬಿಸದೆಯೇ ರಸ್ತೆಗೆ ಹಾಕಲು ಸಾಧ್ಯವಾಯಿತು.

ರಾಳದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಶಾಯಿ ಹರಡದಂತೆ ಕಾಗದಕ್ಕೆ ರಾಳದ ಸಾಬೂನು ಮತ್ತು ಪಟಿಕವನ್ನು ಸೇರಿಸುವ ಕ್ರಮವನ್ನು ಜರ್ಮನಿಯ ಮೋರಿಟ್ಸ್ ಇಲ್ಲಿಗ್ 1807ರಲ್ಲಿಯೇ ಪ್ರಕಟಿಸಿದ್ದನು. ಆಗ ಅದಕ್ಕೆ ಬೇಕಾದ ರಾಳವನ್ನು ಜೀವಂತ ಮರಕ್ಕೆ ಗಾಯ ಮಾಡಿ ಸುರಿಸಿಕೊಳ್ಳುತ್ತಿದ್ದರು. ಈಗ ಕಾಗದದ ಕಾರ್ಖಾನೆಯ ಕಪ್ಪು ದ್ರಾವಣದಿಂದಲೇ ಆ ರಾಳ ದೊರೆತು, ಮತ್ತೆ ಕಾಗದಕ್ಕೇ ಸೇರುವುದುಂಟು. ಕೃತಕ ರಬ್ಬರಿನ ತಯಾರಿಕೆಯಲ್ಲಿಯೂ ರಾಳದ ಸಾಬೂನಿಗೆ ಸ್ಥಾನವಿದೆ. ತಳದಲ್ಲಿ ಉಳಿದ ಪಿಚ್ ಕೂಡ ವ್ಯರ್ಥವಲ್ಲ. ಅದರಲ್ಲಿರುವ ಸ್ಟೆರಾಲ್ ಎಂಬ ಸಸ್ಯಜನ್ಯ ವಸ್ತುವಿಗೆ ರಕ್ತದಲ್ಲಿನ ಕೊಲೆಸ್ಟರಾಲನ್ನು ತಗ್ಗಿಸುವ ಗುಣವಿದೆ. ಅದರಿಂದ ಪಡೆದ ಪದಾರ್ಥವನ್ನು ಬೆರೆಸಿದ ಮಾರ್ಗರೀನ್ 1995ರಲ್ಲಿ ಫಿನ್‌ಲೆಂಡಿನಲ್ಲಿ ಮಾರುಕಟ್ಟೆಗೆ ಬಂದಿತು.

ಇನ್ನು ಮರದ ಗಾರೆಯಾದ ಲಿಗ್ನಿನ್. ಸಲ್ಫೈಟ್ ವಿಧಾನದಲ್ಲಿ ಅದರ ಅಣುವಿಗೆ ಗಂಧಕವುಳ್ಳ, ನೀರನ್ನು ಪ್ರೀತಿಸುವ ಗುಂಪುಗಳು ಸೇರಿಕೊಳ್ಳುವುದರಿಂದ ಅದು ಲಿಗ್ನೋಸಲ್ಫೊನೇಟ್ ಆಗಿ ನೀರಿನಲ್ಲಿ ಕರಗುತ್ತದೆ. ಇದು ಸಾಬೂನಿನಷ್ಟು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದಿಲ್ಲ. ಆದರೆ ಘನಪದಾರ್ಥದ ಕಣಗಳ ಮೇಲೆ ಕುಳಿತು ಅವುಗಳನ್ನು ಒಂದರಿಂದೊಂದು ದೂರ ಇರಿಸುವುದರಲ್ಲಿ ಇದು ನಿಪುಣ. ರಾಗಿಯ ಹಿಟ್ಟನ್ನು ಒಮ್ಮೆಲೇ ನೀರಿಗೆ ಸುರಿದರೆ ಗಂಟುಕಟ್ಟುವುದಲ್ಲವೆ? ಸಿಮೆಂಟಿನ ಕಣಗಳೂ ಹಾಗೆಯೇ ಗಂಟುಕಟ್ಟಿ ತಮ್ಮ ನಡುವೆ ನೀರನ್ನು ಬಚ್ಚಿಟ್ಟುಕೊಳ್ಳುತ್ತವೆ. ಲಿಗ್ನೋಸಲ್ಫೊನೇಟನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದರೆ ಪ್ರತಿ ಕಣಕ್ಕೂ ಋಣ ವಿದ್ಯುದಂಶ ಬಂದು, ಕಣಗಳು ಪರಸ್ಪರ ವಿಕರ್ಷಿಸಿ, ಗಂಟು ಬಿಚ್ಚಿಕೊಳ್ಳುತ್ತದೆ. ಶೇಕಡ 5ರಿಂದ 10ರಷ್ಟು ಕಡಿಮೆ ನೀರಿನಲ್ಲಿಯೇ ಕಾಂಕ್ರೀಟು ಸಲೀಸಾಗಿ ಹರಿಯುತ್ತದೆ. ನೀರು ಕಡಿಮೆಯಾದಷ್ಟೂ ಕಾಂಕ್ರೀಟಿನ ಬಲ ಹೆಚ್ಚು. 1930ರ ದಶಕದಿಂದ ಮೊದಲಾದ ಈ ಬಳಕೆ ಇಂದಿಗೂ ಮುಂದುವರಿದಿದೆ. ಒಂದು ಕಾಲದಲ್ಲಿ ಮರವನ್ನು ನಿಲ್ಲಿಸಿದ್ದ ಗಾರೆ ಈಗ ಅಣೆಕಟ್ಟಿನ, ಸೇತುವೆಯ ಗಾರೆಗೆ ನೆರವಾಗುತ್ತಿದೆ. ಬಣ್ಣಗಳನ್ನೂ ಕೀಟನಾಶಕದ ಪುಡಿಗಳನ್ನೂ ನೀರಿನಲ್ಲಿ ಸಮನಾಗಿ ಹರಡಲು, ಮಣ್ಣಿನ ರಸ್ತೆಯ ಧೂಳನ್ನು ಅಡಗಿಸಲು, ದನದ ಮೇವಿನ ಹಿಟ್ಟನ್ನು ಗುಳಿಗೆಯಾಗಿ ಬಂಧಿಸಲು ಕೂಡ ಇದನ್ನು ಬಳಸುತ್ತಾರೆ. ನಾರ್ವೆ ದೇಶದ ಸಾರ್ಪ್ಸ್‌ಬಾರ್ಗ್‌ನಲ್ಲಿರುವ ಬೊರ್ರೆಗಾರ್ಡ್ ಕಾರ್ಖಾನೆಯಲ್ಲಿ 1962ರಿಂದ ಈ ಲಿಗ್ನಿನ್ನಿನಿಂದಲೇ ಐಸ್‌ಕ್ರೀಮಿಗೆ ಪರಿಮಳ ಕೊಡುವ ವೆನಿಲಿನ್‌ನ್ನೂ ತಯಾರಿಸುತ್ತಿದ್ದಾರೆ.

ಹಾಗಾದರೆ ಕಪ್ಪು ದ್ರಾವಣವನ್ನೆಲ್ಲ ಹೀಗೆಯೇ ಏಕೆ ಬಳಸಬಾರದು? ಉತ್ತರ ಅಷ್ಟು ಸುಲಭವಲ್ಲ. ಕೆನಡಾದ ಜಿ. ಎಚ್. ಟಾಮ್ಲಿನ್‌ಸನ್ ಎಂಬಾತನು 1930ರ ದಶಕದಲ್ಲಿ ಕಪ್ಪು ದ್ರಾವಣವನ್ನು ಸುಟ್ಟು ಉಗಿಯನ್ನೂ ರಾಸಾಯನಿಕಗಳನ್ನೂ ಒಟ್ಟಿಗೆ ಪಡೆಯುವ ಕುಲುಮೆಯನ್ನು ರೂಪಿಸಿದನು. ಅಂದಿನಿಂದ ಕ್ರಾಫ್ಟ್ ಕಾರ್ಖಾನೆಗೆ ಲಿಗ್ನಿನ್ನೇ ಮುಖ್ಯ ಇಂಧನ. ಅದನ್ನೆಲ್ಲ ಹೊರಗೆ ಮಾರಿದರೆ ಕುಲುಮೆಗೆ ಕಲ್ಲಿದ್ದಲನ್ನು ತರಬೇಕಾದೀತು. ಆಗ ಒಂದೆಡೆ ಗಳಿಸಿದ್ದನ್ನು ಇನ್ನೊಂದೆಡೆ ಕಳೆದುಕೊಂಡಂತಾಗುತ್ತದೆ. ಆದುದರಿಂದ ಕುಲುಮೆಯ ಅಗತ್ಯಕ್ಕಿಂತ ಹೆಚ್ಚಾದ ಭಾಗವನ್ನು ಮಾತ್ರ ಬೇರ್ಪಡಿಸುವುದು ವಿವೇಕ. ಕಪ್ಪು ದ್ರಾವಣಕ್ಕೆ ಇಂಗಾಲದ ಡೈಆಕ್ಸೈಡನ್ನು ಹಾಯಿಸಿ ಲಿಗ್ನಿನ್ನನ್ನು ಒತ್ತರಿಸುವ ಕ್ರಮವನ್ನು ಸ್ವೀಡನ್ನಿನ ವಿಜ್ಞಾನಿಗಳು ಸುಧಾರಿಸಿದರು. ಅದು ಅಮೆರಿಕದ ಉತ್ತರ ಕ್ಯಾರೊಲಿನಾದ ಪ್ಲಿಮತ್‌ನಲ್ಲಿ 2013ರಲ್ಲಿ ಕಾರ್ಖಾನೆಯ ಮಟ್ಟದಲ್ಲಿ ಕಾರ್ಯರೂಪಕ್ಕೆ ಬಂದಿತು. ಟಾಲ್ ಎಣ್ಣೆಗೂ ಇಂಥದೇ ಪೈಪೋಟಿಯಿದೆ. ಸ್ವೀಡನ್ನಿನ ಪಿಟಿಯೊದಲ್ಲಿ 2010ರಿಂದಲೂ ಫಿನ್‌ಲೆಂಡಿನ ಲಪ್ಪೇನ್‌ರಾಂಟದಲ್ಲಿ 2015ರಿಂದಲೂ ಅದರಿಂದ ವಾಹನಗಳ ಡೀಸೆಲ್ ತಯಾರಾಗುತ್ತಿದೆ. ಒಮ್ಮೆ ಸುಟ್ಟರೆ ಮುಗಿಯಿತು. ವಸ್ತುವಾಗಿ ಬಳಸಿದರೆ ಅದು ಬಹುಕಾಲ ಬಾಳೀತು. ಯಾವುದು ಮೊದಲು ಎಂಬ ಪ್ರಶ್ನೆ ಇಂದೂ ಚರ್ಚೆಯಲ್ಲಿದೆ. ಸಸ್ಯಜನ್ಯವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯಕರವೆಂದು ಭಾವಿಸುವುದೂ ತಪ್ಪು. ಮೀನನ್ನು ಕೊಂದ ರಾಳದ ಆಮ್ಲವೂ ಸಸ್ಯಜನ್ಯವೇ ಆಗಿತ್ತೆಂಬುದನ್ನು ಮರೆಯಬಾರದು.

ನಮ್ಮ ನಾಡಿಗೂ ಕಾಗದಕ್ಕೂ ಹಳೆಯ ನಂಟಿದೆ. ಭದ್ರಾ ನದಿಯ ದಡದ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪಿತವಾಗಿ 2015ರವರೆಗೆ ಕೆಲಸ ಮಾಡಿತು. ಕಾಳಿ ನದಿಯ ದಡದ ದಾಂಡೇಲಿಯಲ್ಲಿಯೂ ದೊಡ್ಡ ಕಾರ್ಖಾನೆಯಿದೆ. ಆದರೆ ನಮ್ಮಲ್ಲಿ ಕಾಗದಕ್ಕೆ ಹೆಚ್ಚಾಗಿ ಬಳಸುವ ಬಿದಿರು, ನೀಲಗಿರಿ ಮೊದಲಾದವುಗಳಲ್ಲಿ ಪೈನ್ ಮರದಷ್ಟು ರಾಳವಿಲ್ಲ. ಬಿದಿರಿನ ಕಪ್ಪು ದ್ರಾವಣದಲ್ಲಿ ಸಿಲಿಕಾ ಹೆಚ್ಚಾಗಿದ್ದು ಕೊಳವೆಗಳಲ್ಲಿ ಗಟ್ಟಿಯಾದ ಹೊರೆ ಕಟ್ಟುತ್ತದೆ. ಉತ್ತರ ಯೂರೋಪಿನ ವಿಧಾನವನ್ನು ಇದ್ದಂತೆಯೇ ಇಲ್ಲಿಗೆ ತಂದರೆ ಪ್ರಯೋಜನವಾಗದು. ಆದರೆ ಲಿಗ್ನಿನ್ ಎಲ್ಲ ಮರಗಳಲ್ಲಿಯೂ ಇದೆ; ಬಿದಿರಿನಲ್ಲಿಯೂ ಕಬ್ಬಿನ ಸಿಪ್ಪೆಯಲ್ಲಿಯೂ ಇದೆ. ನಮ್ಮ ಸಸ್ಯಗಳಿಗೆ ಒಪ್ಪುವ ಮಾರ್ಗವನ್ನು ನಾವೇ ಹುಡುಕಬೇಕಾಗಿದೆ. ಇದು ನಮಗೆ ಹೊಸ ಯೋಚನೆಯೂ ಅಲ್ಲ. 1923ರಲ್ಲಿ ಅದೇ ಭದ್ರಾವತಿಯಲ್ಲಿ ಪ್ರಾರಂಭವಾದ ಕಬ್ಬಿಣದ ಕಾರ್ಖಾನೆಯ ಹೆಸರಿನಲ್ಲಿಯೇ ‘ಮರದ ಬಟ್ಟಿಯಿಳಿಸುವಿಕೆ’ ಎಂಬ ಮಾತು ಸೇರಿತ್ತು. ಕಬ್ಬಿಣ ಕರಗಿಸಲು ಮರವನ್ನು ಇದ್ದಿಲು ಮಾಡುವಾಗ ಹೊಮ್ಮುವ ಹೊಗೆಯನ್ನು ತಣ್ಣಗಾಗಿಸಿ, ಅದರಿಂದ ಮೆಥನಾಲ್, ಟಾರು ಮೊದಲಾದ ವಸ್ತುಗಳನ್ನು ಪಡೆಯುವ ಏರ್ಪಾಡು ಅಲ್ಲಿತ್ತು. ಹೊಗೆಯನ್ನೂ ವ್ಯರ್ಥವಾಗಿ ಬಿಡದ ದೃಷ್ಟಿ ಅದು.

ನಮ್ಮ ಹಿರಿಯರು ‘ಕಸದಿಂದ ರಸ’ ಎಂದರು. ಆದರೆ ಕಸವು ತಾನಾಗಿಯೇ ರಸವಾಗುವುದಿಲ್ಲ. ಅದರ ಗುಣವೇನೆಂದು ಕೇಳುವವರು ಬೇಕು. ಹೊಳೆಯ ಮೇಲಿನ ನೊರೆಯನ್ನು ಕಂಡು ಮೂಗು ಮುಚ್ಚಿಕೊಂಡವರು ಬಹು ಮಂದಿ. ಇದು ಏಕೆ ನೊರೆಯಾಗುತ್ತದೆ ಎಂದು ಕೇಳಿದವರು ಕೆಲವರೇ. ಆ ಕೆಲವರ ಪ್ರಶ್ನೆಯಿಂದ ಪೀಡೆಯೊಂದು ಪದಾರ್ಥವಾಯಿತು. ಹೊಳೆಯಲ್ಲಿ ವಿಷವಾಗಿದ್ದುದು ರಸ್ತೆಯಲ್ಲಿ, ಗಣಿಯಲ್ಲಿ, ಸೇತುವೆಯಲ್ಲಿ ಉಪಕಾರಿಯಾಯಿತು. ಮುಂದಿನ ಬಾರಿ ನೀವು ಹೊಸ ಹಾಳೆಯ ಮೇಲೆ ಬರೆಯತೊಡಗುವಾಗ, ಕಣ್ಣಿಗೆ ಕಾಣದ ಅದರ ಇನ್ನೊಂದು ಅರ್ಧವನ್ನೂ ನೆನೆಯಿರಿ.

ಅಭ್ಯಾಸ

ಪದಗಳ ಅರ್ಥ

ಉಪೋತ್ಪನ್ನ – ಒಂದು ವಸ್ತುವನ್ನು ತಯಾರಿಸುವಾಗ ಜೊತೆಗೆ ದೊರೆಯುವ ಇನ್ನೊಂದು ವಸ್ತು
ದುಭಾಷಿ – ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಯಲ್ಲಿ ತಿಳಿಸುವವನು
ನಿರ್ವಾತ – ಗಾಳಿಯನ್ನು ಹೊರತೆಗೆದ ಸ್ಥಿತಿ
ಪಟಿಕ – ಆಲಂ ಎಂಬ ಲವಣ
ವಿಕರ್ಷಿಸು – ದೂರ ತಳ್ಳು

ಪ್ರಶ್ನೆಗಳು

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮರದಲ್ಲಿ ಗಾರೆಯಂತೆ ಇರುವ ವಸ್ತು ಯಾವುದು?
2. ‘ಟಾಲ್’ ಎಂಬ ಪದದ ಅರ್ಥವೇನು?
3. ಟಾಲ್ ಎಣ್ಣೆಯನ್ನು ನಿರ್ವಾತದಲ್ಲಿ ಬಟ್ಟಿಯಿಳಿಸುವುದೇಕೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಲ್ಫೈಟ್ ಕಾರ್ಖಾನೆಗಳು ಉಳಿದ ದ್ರಾವಣವನ್ನು ಹೊಳೆಗೆ ಬಿಡುತ್ತಿದ್ದುದಕ್ಕೆ ಕಾರಣವೇನು? ಅದರಿಂದ ಆದ ಹಾನಿಯೇನು?
2. ಲಿಗ್ನೋಸಲ್ಫೊನೇಟ್ ಕಾಂಕ್ರೀಟಿನ ಬಲವನ್ನು ಹೇಗೆ ಹೆಚ್ಚಿಸುತ್ತದೆ?
3. ಕಪ್ಪು ದ್ರಾವಣದಲ್ಲಿರುವ ಲಿಗ್ನಿನ್ನನ್ನೆಲ್ಲ ಹೊರಗೆ ಮಾರುವುದು ವಿವೇಕವಲ್ಲವೇಕೆ?

ಇ. ‘ವಸ್ತುವಿನ ಗುಣ ಒಂದೇ, ಅದು ಎಲ್ಲಿದೆ ಎಂಬುದರಿಂದ ಉಪಕಾರವೋ ಅಪಕಾರವೋ ನಿರ್ಧಾರವಾಗುತ್ತದೆ.’ ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.

ಈ. ನಿಮ್ಮ ಊರಿನಲ್ಲಿ ವ್ಯರ್ಥವೆಂದು ಎಸೆಯುವ ಒಂದು ವಸ್ತುವನ್ನು ಆರಿಸಿಕೊಂಡು, ಅದರ ಗುಣವೇನು, ಅದು ಎಲ್ಲಿ ಉಪಯೋಗವಾಗಬಹುದು ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.